ಪ್ರಸಾದದ ಕ್ಯೂನಿಂದ ಹಿಂತಿರುಗಿದ್ದು

ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ನನ್ನ ಮುಂದೆ ಇಬ್ಬರೇ ಇದ್ದರು. ಅವರ ಮುಂದೆ ಪರಮಪ್ರಸಾದದ ಪಾತ್ರೆ ಹಿಡಿದ ಫಾದರ್. ನಾನು ತಿರುಗಿ ಬಂದು ಬೆಂಚಿನಲ್ಲಿ ಕುಳಿತುಬಿಟ್ಟೆ.

ಕಳೆದ ಭಾನುವಾರ, ಹರಿಹರದ ಚರ್ಚು, ಅಪ್ಪ ತೀರಿಕೊಂಡು ವರ್ಷವಾದ ಪೂಜೆ. ದೇವರನ್ನು ಬಿಟ್ಟ ಮೇಲೆ ನಾನು ಚರ್ಚಿಗೆ ಹೋಗಿದ್ದು ಇದು ನಾಲ್ಕನೇ ಸಲ. (ಎರಡು ಮದುವೆಗೆ, ಎರಡು ಅಪ್ಪನಿಗೆ. ಇಂಥದ್ದನ್ನೆಲ್ಲ ಬರೆದಿಡುತ್ತೇನೆ.)

ಅಮ್ಮ ಹಿಂದಿನ ದಿನವೇ ಹೇಳಿದ್ದಳು: "ರೀಟಾ, ಮೊದ್ಲು ಪಾಪನಿವೇದನೆ ಮಾಡ್ಕೊ. ಮಗಳೇ ಪ್ರಸಾದ ತಗೊಳ್ಳಿಲ್ಲಂದ್ರ ಜನ ಏನಂದಾರು?"

ಪಾಪನಿವೇದನೆ ಎಂದರೆ ಫಾದರ್ ಎದುರು ತಪ್ಪು ಒಪ್ಪಿಕೊಂಡು, ಇನ್ನು ಮಾಡುವುದಿಲ್ಲ ಎನ್ನಬೇಕು. ನನ್ನ ತಪ್ಪು ಯಾವುದೆಂದು ಅಮ್ಮನಿಗೆ ಗೊತ್ತು. ದಾವಣಗೆರೆಯ ಶಾಮನೂರಿನ ಬಾಡಿಗೆ ಮನೆಯಲ್ಲಿ ನನ್ನೊಂದಿಗೆ ಬಾಳುತ್ತಿರುವ ಶಿಲ್ಪಾ. (ಹೆಸರು ಬದಲಿಸಿದ್ದೇನೆ.) ಅವಳಿಗಾಗಿ ಕ್ಷಮೆ ಕೇಳುವುದು ನನ್ನಿಂದಾಗದು. ಅಲ್ಲದೆ, ನಂಬಿಕೆಯೇ ಇಲ್ಲದವಳಿಗೆ ನಿವೇದನೆ ಯಾಕೆ? ಸುಮ್ಮನೆ ತಿಂದರಾಯಿತು, ಅಮ್ಮನ ಮಾನ ಉಳಿಯುತ್ತದೆ. ಹಾಗಂದುಕೊಂಡೇ ಕ್ಯೂ ಸೇರಿದ್ದೆ.

ಪಾತ್ರೆ ಹತ್ತಿರ ಕಂಡಿದ್ದೇ ತಿರುಗಿಬಿಟ್ಟೆ. ಪಾಪ ಇಟ್ಟುಕೊಂಡು ಪ್ರಸಾದ ತಿಂದರೆ ನರಕವನ್ನೇ ತಿಂದಂತೆ ಎಂದು ಸಿಸ್ಟರ್ ಹೇಳಿಕೊಟ್ಟಾಗ ನಾನಿನ್ನೂ ಮೂರನೇ ಕ್ಲಾಸು.

ಹೊರಗೆ ಪರಿಚಯದ ಆಂಟಿ ಹಿಡಿದರು. "ಏನವ್ವಾ, ಅರ್ಧಕ್ಕೇ ವಾಪಸ್ ಬಂದ್ಯಲ್ಲ? ಇಡ್ಲಿ ಹೊಡ್ದು ಬಂದಿದ್ದೇನು?" ಪ್ರಸಾದಕ್ಕೆ ಮುಂಚೆ ಒಂದು ಗಂಟೆ ನೀರು ಬಿಟ್ಟು ಏನೂ ತಿನ್ನಬಾರದು, ಕುಡಿಯಬಾರದು.

"ಹ್ಞೂಂರಿ, ಕಾಫಿ ಕುಡ್ದುಬಿಟ್ಟಿದ್ಲು" ಎಂದಳು ಅಮ್ಮ. ಚರ್ಚಿನ ಅಂಗಳದಲ್ಲಿ ನಿಂತು, ನನಗಾಗಿ ಸುಳ್ಳು. ಆಮೇಲೆ ನನ್ನ ಮುಖ ನೋಡಲಿಲ್ಲ.

ಶಿಲ್ಪಾ 'ಫ್ರೆಂಡ್' ಆಗಿ ಬಂದು ಹಿಂದಿನ ಬೆಂಚಿನಲ್ಲಿದ್ದಳು. ದಾವಣಗೆರೆ ಬಸ್ಸಿನಲ್ಲಿ ನಗುತ್ತಲೇ ಕೇಳಿದಳು: "ನಮ್ಮನೆ ಕಡೆ ಪ್ರಸಾದ ಯಾರೂ ಬ್ಯಾಡ ಅನ್ನಲ್ಲವ್ವ. ತಿನ್ನಾಕ ಏನಾಗಿತ್ತು ನಿಂಗ?"

"ಹೆದ್ರಿಕೆ ಆತು."

"ದೇವ್ರೇ ಇಲ್ಲ ಅಂತೀಯಲ್ಲೇ! ಯಾರ ಹೆದ್ರಿಕೆ?"

ಸಿಸ್ಟರ್ ಮಾತು ಹೇಳಿದೆ. ಅವಳ ನಗು ನಿಂತಿತು.

"ಅಂದ್ರ, ನಾನು ನಿನ್ನ ಪಾಪ ಏನು?"

ಅಲ್ಲ ಎಂದೆ. ಆದರೆ ಹೇಳುವ ಮೊದಲು ಒಂದು ಕ್ಷಣ ತಡೆದೆ. ಅವಳಿಗೆ ಅಷ್ಟು ಸಾಕಾಯಿತು. ಕಿಟಕಿಯ ಕಡೆ ತಿರುಗಿ ಕುಳಿತಳು. ಅಂದಿನಿಂದ ನಮ್ಮ ಮನೆಯಲ್ಲಿ ಹಾಲು, ಗ್ಯಾಸ್, ಕರೆಂಟ್ ಬಿಲ್ಲಿನ ಮಾತಷ್ಟೇ.

ಚರ್ಚು ಬಿಟ್ಟು ಬಂದ ನನ್ನಂಥ ಹೆಣ್ಣುಗಳು, ಗಂಡನ್ನು ಪ್ರೀತಿಸುವ ಗಂಡುಗಳು, ಬಿಡುಗಡೆಯಾಯಿತು ಎಂದು ಎಲ್ಲರಿಗೂ ಹೇಳಿಕೊಳ್ಳುತ್ತೇವೆ. ಬಿಟ್ಟಿದ್ದು ಭಾನುವಾರದ ಪೂಜೆಯನ್ನು ಮಾತ್ರವೇ? ಶಿಲ್ಪಾ ಮತ್ತೆ ಕೇಳಿಲ್ಲ.

ಕೇಳಿದರೆ, ಈ ಸಲ ತಡೆಯದೆ ಹೇಳಬಲ್ಲೆನೇ?