ಬಿಳಿ ಇಟ್ಟಂಗಿ

ಲಿಂಗಸೂಗೂರಿನ ಶಿಕ್ಷಕರ ಪ್ರದರ್ಶನದಲ್ಲಿ ಗೋಡೆಯ ಮಾದರಿ ತೋರಿಸಿ ‘ಇದನ್ನು ಯಾರು ಮಾಡಿದ್ದು?’ ಎಂದು ತೀರ್ಪುಗಾರರು ಕೇಳಿದಾಗ ನಾನು ‘ನಾನೇ’ ಎಂದೆನೋ, ಸುಮ್ಮನಿದ್ದೆನೋ, ಈಗ ಖಾತ್ರಿಯಿಲ್ಲ. ಮಾಡಿದವರು ನಾನು ಪಾಠ ಮಾಡುತ್ತಿದ್ದ ಮಸ್ಕಿ ಶಾಲೆಯ ಡ್ರಾಯಿಂಗ್ ಮಾಸ್ತರರು. ಥರ್ಮಾಕೋಲಿನ ಮೇಲೆ ಖಾಲಿ ಪೆನ್ನಿನಿಂದ ಇಟ್ಟಂಗಿ ಗೀರಿ, ನೀರುಬಣ್ಣಕ್ಕೆ ಚಹಾದ ನೀರು ಬೆರೆಸಿ ಬಳಿದರೆ ಪುಟ್ಟ ಗೋಡೆ ನೂರು ವರ್ಷ ಹಳತಾಗುತ್ತಿತ್ತು. ಆಯಿಲ್ ಪೇಂಟ್ ಮುಟ್ಟುತ್ತಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ. ಕೆಳಸಾಲಿನ ಒಂದು ಇಟ್ಟಂಗಿಯನ್ನು ಬಿಳಿಯಾಗಿಯೇ ಬಿಡುತ್ತಿದ್ದರು. ‘ಅದು ನನ್ನ ಸಹಿ ರೀ ಸರ,’ ಎನ್ನುತ್ತಿದ್ದರು.

ಬಹುಮಾನ ನನ್ನ ಹೆಸರಿಗೆ ಬಂತು. ಮಾಸ್ತರರು ಗೋಡೆಯ ಬುಡವನ್ನೇ ನೋಡಿ, ಎಂದಿನಂತೆ, ‘ಇರಲಿ ಬಿಡ್ರಿ, ಗೋಡಿ ನಿಂತೈತಲ್ಲ,’ ಎಂದರು. ಮತ್ತೆ ಗೋಡೆ ಮಾಡಲಿಲ್ಲ.

ಮೊನ್ನೆ ಶಾಲೆಯ ಕಪಾಟು ತೆಗೆಸಿ ನೋಡಿದೆ. ಬಿಳಿ ಇಟ್ಟಂಗಿಯ ಜಾಗದಲ್ಲಿ ಥರ್ಮಾಕೋಲ್ ಕರಗಿ ತೂತಾಗಿದೆ. ಅಂಚಿಗೆ ಅಂಟಿರುವುದು ಆ ವರ್ಷ ನನ್ನ ಮನೆಯ ಗೇಟಿಗೆ ಬಳಿದು ಉಳಿದಿದ್ದ ಕೆಂಪು ಆಯಿಲ್ ಪೇಂಟ್.