ಕಾರಿನ ಅಲಾರಮ್ಮು ಹಿಡಿದುಕೊಟ್ಟ ಕಳ್ಳ

೧೯೯೭ರ ಅಕ್ಟೋಬರ್ ೧೩, ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲು. ಪಾಂಡವಪುರದ ನಮ್ಮ ಮನೆಯ ಮುಂದೆ ನಿಂತಿದ್ದ ಕಾರು ಇದ್ದಕ್ಕಿದ್ದಂತೆ ಅರಚತೊಡಗಿತು. ನಾಗಮಂಗಲದ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಿದ್ದ ಅಕ್ಕ ಎಣ್ಣೆನೀರು ಹಾಕಿಸಿಕೊಂಡು, ಸಾಂಬ್ರಾಣಿ ಹೊಗೆಯ ಘಮದಲ್ಲಿ ಮಗುವಿನ ಪಕ್ಕ ಆಗಷ್ಟೇ ಕಣ್ಣು ಮುಚ್ಚಿದ್ದಳು. ಮಗು ಬೆಚ್ಚಿಬಿದ್ದು ಅತ್ತಿತು. ದಸರಾ ರಜೆಯಲ್ಲಿದ್ದ ನಾನು ಡೈರಿ ತೆಗೆದು ಹೊತ್ತು ಬರೆದೆ. ಕಾರಣದ ಜಾಗವನ್ನು ಖಾಲಿ ಬಿಟ್ಟೆ.

ಅಪ್ಪ ಕೊಂಡದ್ದು ಹಳೆಯ ಕಾರು, ಅಲಾರಮ್ಮು ಮಾತ್ರ ಹೊಸದು. ಮೈಸೂರಿನಲ್ಲಿ ಹಾಕಿಸಿಕೊಂಡು ಬಂದ ದಿನವೇ ಅದು ಕೆಲಸ ಮಾಡುವ ಬಗೆಯನ್ನು ನನಗೆ ತೋರಿಸಿದ್ದರು. ಸ್ಟೇರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟು ಡಬ್ಬಿ. ಕಾರಿನ ಮೈ ಅಲುಗಿದರೆ ಅದಕ್ಕೆ ಗೊತ್ತಾಗುತ್ತದೆ. ಬಾಗಿಲ ಸಂದಿಯಲ್ಲೊಂದು ಗುಂಡಿ. ಬಾಗಿಲು ತೆರೆದಾಗ ಒಳಗಿನ ದೀಪ ಹೊತ್ತಿಸುವುದೂ ಅದೇ, ಅಲಾರಮ್ಮಿಗೆ ಸುದ್ದಿ ಮುಟ್ಟಿಸುವುದೂ ಅದೇ. ಯಾವ ಕಡೆಯಿಂದ ಸುದ್ದಿ ಬಂದರೂ ಬಾನೆಟ್ಟಿನ ಕೆಳಗಿನ ಸೈರನ್ನು ಕೂಗುತ್ತದೆ. ಕೀಲಿಯ ಜೊತೆಗಿನ ರಿಮೋಟು ಒತ್ತಿದರೆ ‘ಕುಯ್’ ಎಂದು ಕಾವಲಿಗೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಎರಡು ಸಲ ‘ಕುಯ್ ಕುಯ್’ ಎಂದು ಕಾವಲು ಬಿಡುತ್ತದೆ. ಅಪ್ಪನಿಗೆ ಆ ‘ಕುಯ್’ ಕೇಳದೆ ಊಟ ರುಚಿಸುತ್ತಿರಲಿಲ್ಲ.

ಕಾರು ಅಲುಗಿದ್ದು ಕಳ್ಳನಿಂದಲೋ ಟ್ರಾಕ್ಟರಿನಿಂದಲೋ ಎಂಬುದು ಮಾತ್ರ ಆ ಡಬ್ಬಿಗೆ ತಿಳಿಯದು. ಮೊದಲ ವಾರದ ನನ್ನ ಲೆಕ್ಕ ಹೀಗಿತ್ತು: ಕಬ್ಬಿನ ಟ್ರಾಕ್ಟರು ಒಂಬತ್ತು, ಬೆಕ್ಕು ಎರಡು, ಗುಡುಗು ಒಂದು, ಬೇಕೆಂದೇ ತಟ್ಟಿ ಓಡಿದ ಸ್ಕೂಲು ಮಕ್ಕಳು ನಾಲ್ಕು. ಮೊದಲ ದಿನ ಬೀದಿಯೆಲ್ಲ ಹೊರಗೆ ಬಂದಿತ್ತು. ವಾರ ಕಳೆಯುವಷ್ಟರಲ್ಲಿ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

‘ಕಳ್ಳ ಬಂದು ಕಾರ್ನೇ ತಳ್ಕಂಡೋದ್ರೂ ನಿಮ್ಮಪ್ಪ ಬಟನ್ ಒತ್ತಾವ್ರೆ ಅಂತ ಸುಮ್ಕಿರ್ತೀವಿ ಕಣವ್ವ’ ಎಂದರು ಎದುರುಮನೆಯ ದೊಡ್ಡಪ್ಪ.

ಆ ಡಬ್ಬಿಗೆ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಸ್ವಲ್ಪ ತಿರುಗಿಸಿ ಚುರುಕು ತಗ್ಗಿಸಿದೆವು. ಟ್ರಾಕ್ಟರು ಹೋದರೂ ಕಾರು ಸುಮ್ಮನಿತ್ತು. ಇನ್ನೂ ತಗ್ಗಿಸಿದರೆ ಕಳ್ಳ ಬಂದಾಗಲೂ ಸುಮ್ಮನಿರುತ್ತದೆಂದು ಅಪ್ಪ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಆಯುಧಪೂಜೆ ಬಂತು. ಬಂಪರಿನ ಎರಡೂ ಕಡೆ ಬಾಳೆಕಂದು ಕಟ್ಟಿದೆವು. ಅದು ತಾನಾಗಿ ಒಣಗುವ ತನಕ ಬಿಚ್ಚಬಾರದೆಂಬುದು ಅಜ್ಜಿಯ ಕಟ್ಟಳೆ. ಹಬ್ಬ ಕಳೆದ ಮೇಲೆ, ೧೩ರ ಹಾಗೆಯೇ ೧೪ ಮತ್ತು ೧೫ರಂದೂ ಅದೇ ಹೊತ್ತಿಗೆ ಸೈರನ್ನು ಕೂಗಿತು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಬರುವಷ್ಟರಲ್ಲಿ ಅಂಗಳ ಖಾಲಿ. ಬಾಳೆಎಲೆ ಹರಿದಿತ್ತು, ಗಾಳಿಗೆ ಇರಬೇಕು ಎಂದುಕೊಂಡೆವು.

‘ಅಪ್ಪಾ, ನಾಳಿಕ್ಕೂ ಇದು ಬಡ್ಕಂಡ್ರೆ ನಾನು ಮಗ ಎತ್ಕಂಡು ನಾಗಮಂಗಲಕ್ಕೆ ಹೊಂಟೋಯ್ತೀನಿ’ ಎಂದಳು ಅಕ್ಕ. ಅವಳು ತಮಾಷೆಗೆ ಹೇಳಿರಲಿಲ್ಲ, ಬಟ್ಟೆಯ ಚೀಲವನ್ನು ಮಂಚದ ಮೇಲೆ ಇಟ್ಟಿದ್ದಳು.

ಅಪ್ಪನ ಮುಖ ಸಣ್ಣದಾಯಿತು. ಸಂಜೆಯಾದರೆ ಮಗುವನ್ನೆತ್ತಿಕೊಂಡು ಹೋಗಿ ಹಸು ತೋರಿಸುವುದು ಅವರ ದಿನದ ಕೆಲಸವಾಗಿತ್ತು. ಹಾಗೆಂದು ಅಲಾರಮ್ಮು ಆರಿಸಲೂ ಒಲ್ಲರು. ಕೆ.ಆರ್. ಪೇಟೆಯಲ್ಲಿ ಹಾಡುಹಗಲೇ ಯಾರದೋ ಕಾರಿನ ಟೇಪ್‌ರೆಕಾರ್ಡರ್ ಬಿಚ್ಚಿಕೊಂಡು ಹೋದ ಸುದ್ದಿ ಕಿವಿಗೆ ಬಿದ್ದಿತ್ತು.

‘ದಿನಾ ಅದೇ ಟೈಮ್ಗೆ ಬತ್ತಾವ್ನೆ ಅಂದ್ರೆ ಹೊಂಚಾಕ್ಕಂಡೇ ಬತ್ತಾವ್ನೆ’ ಎಂದರು ಅಪ್ಪ ನನ್ನ ಕಿವಿಯಲ್ಲಿ.

ಮಾರನೆಯ ದಿನ ನಾವಿಬ್ಬರೂ ಜಗಲಿಯ ಕಂಬದ ಹಿಂದೆ ಕಾದೆವು. ಅಪ್ಪನ ಕೈಯಲ್ಲಿ ದೊಣ್ಣೆ, ನನ್ನ ಕೈಯಲ್ಲಿ ಡೈರಿ. ಬಚ್ಚಲಲ್ಲಿ ನೀರು ಹುಯ್ಯುವ ಸದ್ದು ನಿಂತು ತುಸು ಹೊತ್ತಾಗಿತ್ತು. ಕೊಟ್ಟಿಗೆ ಕಡೆಯಿಂದ ನಮ್ಮ ಹೋರಿಗರು ಬಂದು, ಆಚೆ ಈಚೆ ನೋಡಿ, ಬಾಳೆಕಂದಿನ ಎಲೆಗೆ ಬಾಯಿ ಹಾಕಿ ಜಗ್ಗಿತು. ಸೈರನ್ನು ಕೂಗಿತು. ಕರು ಬಾಲವೆತ್ತಿ ಹುಲ್ಲುಮೆದೆಯ ಹಿಂದಕ್ಕೆ ಓಡಿತು.

ಕೊಟ್ಟಿಗೆಯಲ್ಲಿ ಕಟ್ಟಿದರೆ ಕರು ಅಂಬಾ ಎಂದು ಕೂಗಿ ಮಗುವನ್ನು ಎಬ್ಬಿಸುತ್ತದೆಂದು, ನೀರು ಹಾಕುವ ಹೊತ್ತಿಗೆ ಸರಿಯಾಗಿ ಅಜ್ಜಿಯೇ ಅದನ್ನು ಬಿಚ್ಚಿಬಿಡುತ್ತಿದ್ದರು.

ಅಕ್ಕ ಸಿಟ್ಟಿನಲ್ಲಿ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ದೊಣ್ಣೆ ಹಿಡಿದ ಅಪ್ಪನನ್ನೂ, ಮೆದೆಯ ಸಂದಿಯಿಂದ ಎಲೆ ಕಚ್ಚಿಕೊಂಡು ಇಣುಕುತ್ತಿದ್ದ ಕರುವನ್ನೂ ನೋಡಿ ಹೊಸಿಲ ಮೇಲೆ ಕೂತುಬಿಟ್ಟಳು. ನಗು ತಡೆಯಲಾಗದೆ ಅವಳ ಕಣ್ಣಲ್ಲಿ ನೀರು.

‘ಕಳ್ಳನ್ನ ಟೇಸನ್ಗೆ ಕೊಡ್ತೀಯಾ, ಕೊಟ್ಗೇಲೇ ಕಟ್ತೀಯಾ ಅಪ್ಪಾ?’

‘ನಮ್ಮ ಅಲಾರಮ್ಮು ಸುಳ್ಳು ಕೂಗಿಲ್ಲ, ಬರ್ಕಳವ್ವ’ ಎಂದರು ಅಪ್ಪ ನನ್ನ ಕಡೆ ತಿರುಗಿ. ಮೂರು ದಿನದ ಖಾಲಿ ಜಾಗಗಳಲ್ಲೂ ‘ಕರು’ ಎಂದು ತುಂಬಿದೆ.

ಇನ್ನು ಉಳಿದದ್ದು ಅಜ್ಜಿಯ ಕಟ್ಟಳೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, ‘ಬಸವ ಬಾಯಾಕಿದ್ಮೇಲೆ ಇನ್ನೇನು, ಬಿಚ್ಚಾಕು’ ಎಂದರು. ಅಪ್ಪನೇ ಬಿಚ್ಚಿ ಕರುವಿನ ಮುಂದೆ ಹಾಕಿದರು. ಅಕ್ಕನ ಬಟ್ಟೆಯ ಚೀಲ ಬೀರುವಿಗೆ ಮರಳಿತು, ಐದು ತಿಂಗಳು ತುಂಬುವವರೆಗೂ ಅವಳು ಇದ್ದಳು.

ಡೈರಿಯಲ್ಲಿ ಕಾರಣವಿಲ್ಲದೆ ಉಳಿದಿರುವುದು ಒಂದೇ ಕೂಗು. ಅಕ್ಕನನ್ನು ನಾಗಮಂಗಲಕ್ಕೆ ಬಿಟ್ಟ ದಿನ, ಅವಳು ಮಗುವಿನೊಡನೆ ಮನೆಯೊಳಗೆ ಕಾಲಿಟ್ಟ ಕೂಡಲೇ ಕಾರು ಕೂಗಿತು. ಹತ್ತಿರ ಟ್ರಾಕ್ಟರಿರಲಿಲ್ಲ, ಕರುವಿರಲಿಲ್ಲ, ಗಾಳಿಯೂ ಇರಲಿಲ್ಲ. ‘ಅದ್ಕೂ ಬೇಜಾರಾಯ್ತದೆ’ ಎಂದರು ಅಪ್ಪ. ಬ್ಯಾಟರಿ ಇಳಿದರೂ ಹೀಗೆ ಕೂಗುವುದುಂಟೇ? ಈ ಅಲಾರಮ್ಮುಗಳ ಒಳಗುಟ್ಟು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಆ ಜಾಗವನ್ನು ಇನ್ನೂ ಹಾಗೆಯೇ ಬಿಟ್ಟಿದ್ದೇನೆ.