ಬ್ರೇಕ್ ಮಾವನ ಬಯಲಿನ ಹಟಮಾರಿ

ಊರಾಚೆಯ ಒಣಹುಲ್ಲಿನ ಬಯಲಿನಲ್ಲಿ ಕಾರು ಕಲಿಸುತ್ತಿದ್ದವನನ್ನು ಎಲ್ಲರೂ ಬ್ರೇಕ್ ಮಾವ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ಅವನು ಅತಿ ಹೆಚ್ಚು ಆಡಿದ ಮಾತೇ ‘ಬ್ರೇಕ್’. ನಿದ್ದೆಯಲ್ಲೂ ಕಾಲು ಒತ್ತಿ ಒತ್ತಿ ಮಂಚದ ಪಟ್ಟಿ ಸಡಿಲ ಮಾಡಿದ್ದಾನೆ ಎಂದು ಹೆಂಡತಿಯ ದೂರು.

ಆ ಬಯಲಿನಲ್ಲಿ ಅವನಿಗೆ ಆಗದ್ದು ಒಂದೇ: ಅಲ್ಲಲ್ಲಿ ಬೆಳೆದಿದ್ದ, ಮೊಣಕಾಲೆತ್ತರದ ಹಳದಿ ಹೂವಿನ ಕಾಡುಗಿಡ. ಮಳೆ ಕೈಕೊಟ್ಟು ಹುಲ್ಲೆಲ್ಲ ಪೊರಕೆಕಡ್ಡಿಯಾದ ಮೇಲೂ ಇದು ಮದುವೆಮನೆಗೆ ಬಂದವರ ಹಾಗೆ ನಗುತ್ತ ನಿಂತಿರುತ್ತಿತ್ತು. ಚಕ್ರ ಹತ್ತಿದರೆ ಮಲಗಿ, ಹದಿನೈದು ದಿನಕ್ಕೆ ಎದ್ದುಬಿಡುತ್ತಿತ್ತು. ಒಮ್ಮೆ ಬುಡಸಮೇತ ಕೀಳಲು ಹೋಗಿ ಸೊಂಟದಾಳ ಅಗೆದರೂ ಬೇರಿನ ತುದಿ ಸಿಗಲಿಲ್ಲ, ಸಿಕ್ಕಿದ್ದು ಸೊಂಟನೋವು. ಅಂದಿನಿಂದ ಅದಕ್ಕೆ ‘ಹಟಮಾರಿ’ ಎಂದು ಹೆಸರಿಟ್ಟು ಸುಮ್ಮನಾದ.

ಹೀಗಿರುವಾಗ ಅವನ ಅಣ್ಣನ ಹೆಂಡತಿ, ಐವತ್ತೆಂಟರ ಅತ್ತಿಗೆ, ಕಾರು ಕಲಿಯುತ್ತೇನೆಂದು ಬಂದಳು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ, ಮಾತಿನಲ್ಲಿ ಸೋಲದ ಹೆಂಗಸು. ಗುರುತಿಗೆ ಇಟ್ಟಿದ್ದ ಐದು ಡ್ರಮ್ಮುಗಳನ್ನೂ ಮೊದಲ ವಾರದಲ್ಲೇ ಚಪ್ಪಟೆ ಮಾಡಿದಳು. ಆದರೆ ಹಟಮಾರಿ ಎದುರಾದರೆ ಸಾಕು, ಕಾರು ನೀರುಹಾವಿನಂತೆ ಪಕ್ಕಕ್ಕೆ ಸರಿಯುತ್ತಿತ್ತು.

“ಅತ್ತಿಗೆ, ಡ್ರಮ್ಮಿಗೆ ಗುದ್ತೀರಿ, ಕಳೆಗೆ ದಾರಿ ಬಿಡ್ತೀರಿ! ಇದ್ಯಾವ ನ್ಯಾಯ?”

“ಡ್ರಮ್ ಒಳಗೆ ಯಾರು ಸಂಸಾರ ಮಾಡ್ತಿದಾರೆ? ಇಳಿದು ನೋಡು ಬಾ.”

ಅವನು ಇಳಿದು ಕುಕ್ಕರುಗಾಲಿನಲ್ಲಿ ಕೂತ. ಒಂದೇ ಹೂವಿಗೆ ಮೂರು ಜೇನ್ನೊಣ. ಬುಡದಲ್ಲಿ ಉದುರಿದ ಬೀಜಕ್ಕಾಗಿ ಎರಡು ಪುಟ್ಟ ಹಕ್ಕಿಗಳ ಜಗಳ.

“ಈ ಬಿಸಿಲಲ್ಲಿ ಇವಕ್ಕೆಲ್ಲ ಬಾಗಿಲು ತೆರೆದಿರೋ ಅಂಗಡಿ ಇದೊಂದೇ ಕಣೋ,” ಎಂದಳು ಅತ್ತಿಗೆ. “ಬೇರು ಪಾತಾಳದಿಂದ ನೀರೆಳೀತದೆ, ಮಣ್ಣನ್ನೂ ಹಿಡ್ಕೊಂಡಿರ್ತದೆ. ಗಿಡ ಇರೋ ಕಡೆ ನಿನ್ನ ದಾರಿ ಎಲ್ಲಾದ್ರೂ ಕೊರಕಲು ಬಿದ್ದಿದೆಯಾ?”

ಬಿದ್ದಿರಲಿಲ್ಲ. ಇಷ್ಟು ವರ್ಷ ಗಾಣದೆತ್ತಿನಂತೆ ಅದೇ ನೆಲ ಸುತ್ತಿದರೂ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಮಾತು ಮರೆಸಲು, “ನಾಳೆಯಿಂದ ಡ್ರಮ್ ಬೇಡ, ಈ ಗಿಡಗಳ ಸುತ್ತಾನೇ ಎಂಟರ ಆಕಾರದಲ್ಲಿ ಸುತ್ತು ಹಾಕಿ,” ಎಂದ. ತಿಂಗಳೊಳಗೆ ಅತ್ತಿಗೆ ಹಾಕುವ ಎಂಟು, ಶಾಲೆಯ ಕಪ್ಪುಹಲಗೆಯ ಮೇಲೆ ಬರೆದಷ್ಟು ದುಂಡಗಾಯಿತು.

ಲೈಸೆನ್ಸ್ ಪರೀಕ್ಷೆ ನಡೆದದ್ದೂ ಆ ಬಯಲಿನಲ್ಲೇ. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಜೇನ್ನೊಣವೊಂದು ಕಿಟಕಿಯಿಂದ ನುಗ್ಗಿ, ಪಕ್ಕದಲ್ಲಿದ್ದ ಅಧಿಕಾರಿಯ ಫೈಲಿನ ಮೇಲೆ ಕೂತಿತು. ಆತ ಎರಡೂ ಕಾಲನ್ನು ಸೀಟಿಗೆಳೆದುಕೊಂಡು “ಅಯ್ಯಯ್ಯೋ!” ಎಂದ. ಅತ್ತಿಗೆ ಮೆಲ್ಲಗೆ ನಿಲ್ಲಿಸಿದಳು, ಫೈಲನ್ನು ಹೊರಗೆ ಚಾಚಿ ನೊಣವನ್ನು ಹೂವಿನತ್ತ ಬೀಳ್ಕೊಟ್ಟಳು, ಕನ್ನಡಿ ನೋಡಿ, ಸಿಗ್ನಲ್ ಹಾಕಿ ಮತ್ತೆ ಹೊರಟಳು. ಅಧಿಕಾರಿ ಕಾಲಿಳಿಸುವ ಮೊದಲೇ ಸಹಿ ಹಾಕಿದ.

ಮರುದಿನ ಬ್ರೇಕ್ ಮಾವ ಗೂಟ ನೆಟ್ಟು, ಹಟಮಾರಿಯ ಬೀಜ ಉದುರುವ ಜಾಗದ ಸುತ್ತ ಹಗ್ಗ ಕಟ್ಟಿದ.

“ಮಾವ, ಕಾರ್ ನಿಲ್ಲಿಸೋ ಜಾಗಾನೇ ಹೋಯ್ತಲ್ಲ!” ಎಂದಳು ಹೊಸ ಶಿಷ್ಯೆ.

“ಇವು ನಮಗಿಂತ ಮೊದಲು ಬಂದಿದ್ದು ಕಣಮ್ಮ. ನಾವೇ ಆ ಕಡೆ ನಿಲ್ಸೋಣ.”